ಕಾಮ್ರೇಡ್ಸ್‌ಗೆ ಮುಂಚೆ ಡೆಂಗಿ, ಈಗ ಕಾಲು ನೋವು. ಮನಸ್ಸು ಗಟ್ಟಿಯಾಗಿ ಇಟ್ಟುಕೊಳ್ಳುವುದು ಹೇಗೆ?

ಚಾಮುಂಡಿ_ತಪ್ಪಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವನು. ಜೂನ್‌ನಲ್ಲಿ ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಓಟಕ್ಕೆ ಹೆಸರು ಕೊಟ್ಟಿದ್ದೇನೆ. ಈ ಸಲ ಡೌನ್ ರನ್, ಪೀಟರ್‌ಮಾರಿಟ್ಸ್‌ಬರ್ಗ್‌ನಿಂದ ಡರ್ಬನ್‌ವರೆಗೆ, ಹೆಚ್ಚು ಕಡಿಮೆ 90 ಕಿಲೋಮೀಟರ್. 12 ಗಂಟೆಯೊಳಗೆ ಮುಗಿಸಬೇಕು. ಜನವರಿಯಲ್ಲಿ ಮುಂಬೈ ಮ್ಯಾರಥಾನ್ ಓಡಿ ಅರ್ಹತೆ ಸಿಕ್ಕಿತ್ತು. ಫೆಬ್ರವರಿ, ಮಾರ್ಚ್ ಎರಡೂ ತಿಂಗಳು ತಯಾರಿ ಚೆನ್ನಾಗಿಯೇ ನಡೆದಿತ್ತು. ಭಾನುವಾರ ಚಾಮುಂಡಿ ಬೆಟ್ಟದ ರಸ್ತೆ ಹತ್ತಿ ಇಳಿದು, ಮತ್ತೆ ಹತ್ತಿ ಇಳಿದು, ಆಮೇಲೆ ನಂಜನಗೂಡು ರಸ್ತೆ ಕಡೆ ಹೋಗಿ ಬರುತ್ತಿದ್ದೆ. ಇಳಿಜಾರಿಗೆ ತೊಡೆ ಗಟ್ಟಿಯಾಗಲಿ ಅಂತ.

ಯುಗಾದಿ ಕಳೆದ ಮೇಲೆ ಡೆಂಗಿ ಬಂತು. ಕಣ್ಣಿನ ಹಿಂದೆ ನೋವು, ಮೂಳೆ ಮುರಿದ ಹಾಗೆ ಮೈಕೈ ನೋವು, ಪ್ಲೇಟ್‌ಲೆಟ್ ಇಳಿದು ಆಸ್ಪತ್ರೆ ಸೇರಿದೆ. ಜ್ವರ ಬಿಟ್ಟರೂ ನಿಶ್ಶಕ್ತಿ ಬಿಡಲಿಲ್ಲ. ಮನೆಯ ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಡಾಕ್ಟರ್ ಹೇಳಿದ ಹಾಗೆ ಕಾದು, ಮೊದಲು ನಡಿಗೆ, ಆಮೇಲೆ ನಿಧಾನ ಓಟ ಶುರು ಮಾಡಿದೆ. ಸ್ವಲ್ಪ ದಿನ ಸರಿ ಹೋಯಿತು. ಈಗ ಎಡಗಾಲಿನ ಶಿನ್ ಮೂಳೆಯ (ಮಂಡಿಯ ಕೆಳಗೆ ಮುಂಭಾಗದ ಮೂಳೆ) ಒಳಬದಿ, ಪಾದದ ಗಂಟಿನಿಂದ ಒಂದು ಗೇಣು ಮೇಲೆ, ನೋವು. ಮೊದಲು ಓಡಿದಾಗ ಮಾತ್ರ ಇತ್ತು, ಈಗ ರಾತ್ರಿ ಮಲಗಿದಾಗಲೂ ಇದೆ. ಎಕ್ಸ್‌ರೇ ತೆಗೆಸಿದೆ, ಏನೂ ಇಲ್ಲ ಎಂದರು. ಮುಲಾಮು ಕೊಟ್ಟು ಕಳಿಸಿದರು.

ಇನ್ನು ಒಂದೂವರೆ ತಿಂಗಳೂ ಇಲ್ಲ. ನನ್ನ ಗುಂಪಿನವರೆಲ್ಲ 50, 60 ಕಿಲೋಮೀಟರ್ ಓಡಿ ಸ್ಟ್ರಾವಾ ಆ್ಯಪ್‌ನಲ್ಲಿ ಹಾಕುತ್ತಿದ್ದಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ, ಆಮೇಲೆ ಹಾಗೆ ಅನ್ನಿಸಿತಲ್ಲ ಅಂತ ಇನ್ನೂ ಬೇಜಾರಾಗುತ್ತದೆ. ಅಭ್ಯಾಸಬಲದಿಂದ ಬೆಳಗ್ಗೆ ನಾಲ್ಕೂವರೆಗೇ ಎಚ್ಚರ. ಎದ್ದು ಏನು ಮಾಡಲಿ? ಎಲ್ಲರೂ ಹೇಳುವುದು ಒಂದೇ, «ಪಾಸಿಟಿವ್ ಆಗಿರು». ಗೆಳೆಯನೊಬ್ಬ ಜೋನ್ ಬೆನೋಯ್ಟ್ ಕಥೆ ಕಳಿಸಿದ, 1984ರಲ್ಲಿ ಮಂಡಿ ಆಪರೇಷನ್ ಆದ 17 ದಿನಕ್ಕೆ ಅಮೆರಿಕದ ಒಲಿಂಪಿಕ್ ಮ್ಯಾರಥಾನ್ ಟ್ರಯಲ್ಸ್ (ಆಯ್ಕೆಯ ಓಟ) ಗೆದ್ದವರು. ಓದಿದಾಗ ರೋಮಾಂಚನ, ಅರ್ಧ ಗಂಟೆ ಆದ ಮೇಲೆ ಮತ್ತೆ ಅದೇ ಕಾಲು, ಅದೇ ನೋವು. ಇಂಥ ಸ್ಥಿತಿ ದಾಟಿದವರು ಯಾರಾದರೂ ಇದ್ದರೆ ಹೇಳಿ. ನಿಜವಾಗಿ ಏನು ಮಾಡಿದಿರಿ? ಮನಸ್ಸನ್ನು ಹೇಗೆ ಹಿಡಿದಿಟ್ಟಿರಿ?

ಡರ್ಬನ್_ದಾರಿ (ಬೆಂಗಳೂರು):

ನಮಸ್ಕಾರ ಸರ್. ಕಾಮ್ರೇಡ್ಸ್ ಅಪ್ ರನ್ನೂ ಓಡಿದ್ದೇನೆ, ಡೌನ್ ರನ್ನೂ ಓಡಿದ್ದೇನೆ. ಒಂದು ವರ್ಷ ಓಟಕ್ಕೆ ಮುಂಚೆ ಟೈಫಾಯ್ಡ್ ಬಂದು ಮಲಗಿದ್ದೆ, ಹಾಗಾಗಿ ನೀವು ಬರೆದ ಪ್ರತಿ ಸಾಲೂ ಗೊತ್ತಿರುವುದೇ. ಹೊಟ್ಟೆ ಉರಿ ಅಂದಿರಲ್ಲ, ಅದಕ್ಕೆ ನಾಚಿಕೆ ಬೇಡ. ತುಂಬಾ ಬೇಕಾಗಿದ್ದದ್ದು ಕೈ ಜಾರುತ್ತಿದೆ ಅನ್ನಿಸಿದಾಗ ಯಾರಿಗಾದರೂ ಹಾಗೇ ಆಗುತ್ತದೆ. ಸ್ಟ್ರಾವಾ ಒಂದು ತಿಂಗಳು ಮುಚ್ಚಿಬಿಡಿ. ಗುಂಪಿನವರಿಗೆ ಹೇಳಿಯೇ ಮುಚ್ಚಿ, ಇಲ್ಲದಿದ್ದರೆ ಕೋಪ ಮಾಡಿಕೊಂಡಿದ್ದಾರೆ ಅಂದುಕೊಳ್ಳುತ್ತಾರೆ.

ಕಾಲಿನ ಬಗ್ಗೆ ನಾನು ಮಾತಾಡಲ್ಲ, ರಾತ್ರಿ ನೋವು ಅಂದಿರಿ, ಅದನ್ನು ತಿಳಿದವರು ನೋಡಲಿ. ಡೆಂಗಿಯಿಂದ ಕಳೆದ ಶಕ್ತಿಯ ಬಗ್ಗೆ ಮಾತ್ರ ಒಂದು ಮಾತು. ಓಟ ನಿಲ್ಲಿಸಿದ ಮೊದಲ ಎರಡು ವಾರದಲ್ಲಿ ಕಮ್ಮಿಯಾಗುವುದು ಹೆಚ್ಚಾಗಿ ರಕ್ತದಲ್ಲಿರುವ ನೀರಿನಂಶ, ಅಂದರೆ ಪ್ಲಾಸ್ಮಾ. ಅದಕ್ಕೇ ಮತ್ತೆ ಓಡಿದಾಗ ಎದೆ ಬಡಿತ ಜಾಸ್ತಿ, ದಮ್ಮು ಹತ್ತುವುದು. ಅದು ಬೇಗ ವಾಪಸ್ ಬರುತ್ತದೆ. ವರ್ಷಗಟ್ಟಲೆ ಓಡಿ ಕಾಲಿನ ಸ್ನಾಯುಗಳಲ್ಲಿ ಬೆಳೆಸಿಕೊಂಡದ್ದು ಅಷ್ಟು ಸುಲಭವಾಗಿ ಹೋಗಲ್ಲ. ಇದು ನನಗೆ ಆಗ ಗೊತ್ತಾದ ದಿನ ಎಷ್ಟು ಹಗುರ ಆಯಿತೆಂದರೆ, ಯಾವ ಸ್ಫೂರ್ತಿಯ ಮಾತಿಗೂ ಅಷ್ಟು ಆಗಿರಲಿಲ್ಲ. ಚಾಮುಂಡಿ ಬೆಟ್ಟ ಹತ್ತಿ ಇಳಿದದ್ದು ನಿಮ್ಮ ಕಾಲಲ್ಲೇ ಇದೆ ಸರ್.

ಇನ್ನು ಮನಸ್ಸಿನ ವಿಷಯ. ನನಗೆ ಕೆಲಸಕ್ಕೆ ಬಂದದ್ದು ಇಷ್ಟೇ: ಆಸೆಯನ್ನೂ ತಾರೀಕನ್ನೂ ಬೇರೆ ಬೇರೆ ಇಟ್ಟುಕೊಂಡೆ. ಕಾಮ್ರೇಡ್ಸ್ ಓಡಬೇಕು ಅನ್ನುವುದು ಆಸೆ. ಈ ಜೂನ್‌ನ ಆ ಭಾನುವಾರವೇ ಓಡಬೇಕು ಅನ್ನುವುದು ತಾರೀಕು. ಎರಡನ್ನೂ ಒಂದೇ ಗಂಟಲ್ಲಿ ಕಟ್ಟಿದರೆ ಪ್ರತಿ ದಿನ ಬೆಳಗ್ಗೆ ಎದ್ದು ಕ್ಯಾಲೆಂಡರ್ ನೋಡಿ ಹೆದರುವುದೇ ಆಗುತ್ತದೆ. ಆ ಓಟದ ಚರಿತ್ರೆಯನ್ನೇ ನೋಡಿ. 1921ರಲ್ಲಿ ವಿಕ್ ಕ್ಲ್ಯಾಪಮ್ ಶುರು ಮಾಡಿದರು, ರೈಲ್ವೆಯಲ್ಲಿ ಎಂಜಿನ್ ಡ್ರೈವರ್ ಆಗಿದ್ದವರು, ಮೊದಲ ಮಹಾಯುದ್ಧಕ್ಕೆ ಹೋಗಿ ಬಂದವರು, ಸತ್ತ ಜೊತೆಗಾರರ ನೆನಪಿಗೆ. ಎರಡನೇ ಮಹಾಯುದ್ಧದಲ್ಲಿ 1941ರಿಂದ 1945ರವರೆಗೆ ಓಟವೇ ನಡೆಯಲಿಲ್ಲ. ಕೋವಿಡ್‌ನಿಂದ 2020, 2021 ಎರಡೂ ವರ್ಷ ರದ್ದಾಯಿತು. 2022ರಲ್ಲಿ ಜೂನ್ ಬದಲು ಆಗಸ್ಟ್ ಕೊನೆಗೆ ನಡೆಯಿತು. 2020ರಲ್ಲಿ ಸಾವಿರಾರು ಜನ ತಯಾರಾಗಿದ್ದರು, ಯಾರ ಕಾಲಿಗೂ ಏನೂ ಆಗಿರಲಿಲ್ಲ, ಆದರೂ ತಾರೀಕು ಹೋಯಿತು.

ವಾಲಿ ಹೇವರ್ಡ್ ಹೆಸರು ಕೇಳಿರುತ್ತೀರಿ. 1930ರಲ್ಲಿ 21ನೇ ವಯಸ್ಸಿಗೆ ಕಾಮ್ರೇಡ್ಸ್ ಗೆದ್ದರು. ಆಮೇಲೆ ಮತ್ತೆ ಗೆದ್ದದ್ದು 1950ರಲ್ಲಿ. ನಡುವೆ 20 ವರ್ಷ! 1989ರಲ್ಲಿ 80 ವರ್ಷದವರಾಗಿ ಮತ್ತೆ ಓಡಿದರು, ಆಗ ಗಡುವು 11 ಗಂಟೆ, ಎರಡು ನಿಮಿಷವೂ ಉಳಿದಿರದ ಹೊತ್ತಿಗೆ ತಡವರಿಸುತ್ತಾ ಗೆರೆ ದಾಟಿದರು. ಕಾಯಿಲೆ ಬಿದ್ದಾಗ ನಾನು ಜೋನ್ ಬೆನೋಯ್ಟ್‌ಗಿಂತ ಇವರನ್ನೇ ಜಾಸ್ತಿ ನೆನೆಸಿಕೊಂಡೆ.

ಬೆಳಗ್ಗೆ ನಾಲ್ಕೂವರೆಗೆ ಎದ್ದು ಏನು ಮಾಡಲಿ ಅಂದಿರಿ. ಏಳಿ ಸರ್, ಮಲಗಿ ಹೊರಳಾಡಬೇಡಿ. ಆ ಹೊತ್ತಿಗೆ ದೇಹಕ್ಕೆ ಏನು ಸಾಧ್ಯವೋ ಆ ಕೆಲಸ ಕೊಡಿ. ಟೈಫಾಯ್ಡ್ ಆದಾಗ ನಾನು ಮೊದಲು ಸುಮ್ನೆ ಉಸಿರಾಟ, ಆಮೇಲೆ ನೆಲದ ಮೇಲೆ ಹೊಟ್ಟೆ ಸೊಂಟದ ವ್ಯಾಯಾಮ, ಆಮೇಲೆ ಮನೆ ಸುತ್ತ ನಡಿಗೆ. ಎದ್ದ ತಕ್ಷಣ ನಾಡಿ ಎಣಿಸಿ ಬರೆದಿಡುತ್ತಿದ್ದೆ. ಅದು ನಿಧಾನವಾಗಿ ಇಳಿಯುತ್ತಾ ಬಂದಾಗ ದೇಹ ಕೆಲಸ ಮಾಡುತ್ತಿದೆ ಅನ್ನುವುದು ಕಣ್ಣಿಗೆ ಕಾಣುತ್ತಿತ್ತು. ಧೈರ್ಯ ಬಂದದ್ದು ಅಲ್ಲಿಂದ.

ಫಿಸಿಯೋ_ಹುಬ್ಬಳ್ಳಿ:

ಸರ್, ನಿಮ್ಮ ಮನಸ್ಸಿನ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ಕಾಲು. ಇವತ್ತಿನಿಂದ ಓಟ ನಿಲ್ಲಿಸಿ. ನಿಧಾನ ಓಟವೂ ಬೇಡ.

ಯಾಕೆ ಅಂದರೆ, ಶಿನ್ ನೋವಿನಲ್ಲಿ ಎರಡು ಬಗೆ. ಒಂದು, ಮೂಳೆಯ ಅಂಚಿನ ಉದ್ದಕ್ಕೂ ಹರಡಿದ ನೋವು, ಒತ್ತಿದರೆ ನಾಲ್ಕೈದು ಬೆರಳಿನಷ್ಟು ಜಾಗ ನೋಯುತ್ತದೆ, ಮೈ ಬಿಸಿಯಾದರೆ ಕಮ್ಮಿಯಾಗುತ್ತದೆ. ಅದನ್ನು ಶಿನ್ ಸ್ಪ್ಲಿಂಟ್ ಎನ್ನುತ್ತಾರೆ. ಇನ್ನೊಂದು, ಒಂದೇ ಬೆರಳ ತುದಿಯಲ್ಲಿ ತೋರಿಸಬಹುದಾದ ಜಾಗ, ಓಡುತ್ತಾ ಹೋದಷ್ಟೂ ಜಾಸ್ತಿ, ಕೊನೆಗೆ ವಿಶ್ರಾಂತಿಯಲ್ಲೂ ರಾತ್ರಿಯೂ ನೋವು. ಇದು ಮೂಳೆಯೇ ದಣಿದಿರುವ ಲಕ್ಷಣ. ಹಾಗೇ ಬಿಟ್ಟರೆ ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಮೂಳೆಯಲ್ಲಿ ಬಿರುಕು, ಆಗಬಹುದು. ನೀವು ಬರೆದದ್ದು ಎರಡನೆಯದರ ಹಾಗಿದೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ ಅನ್ನುವುದಕ್ಕೆ ಸಮಾಧಾನ ಪಡಬೇಡಿ. ಮೊದಲ ಕೆಲವು ವಾರ ಎಕ್ಸ್‌ರೇಯಲ್ಲಿ ಇದು ಕಾಣುವುದೇ ಕಮ್ಮಿ. ಎಂಆರ್‌ಐ ಮಾಡಿಸಿ. ಮೂಳೆ ಡಾಕ್ಟರ್ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿ, ರಾತ್ರಿ ನೋವಿದೆ ಅಂತ ಬಾಯಿ ಬಿಟ್ಟು ಹೇಳಿ. ಜೊತೆಗೆ ವಿಟಮಿನ್ ಡಿ ಪರೀಕ್ಷೆ ಮಾಡಿಸಿ, ನಮ್ಮ ಊರುಗಳಲ್ಲಿ ಬಿಸಿಲು ಎಷ್ಟೇ ಇದ್ದರೂ ಸೂರ್ಯ ಹುಟ್ಟುವ ಮೊದಲೇ ಓಡಿ ದಿನವಿಡೀ ಆಫೀಸಿನೊಳಗೆ ಕೂರುವವರಲ್ಲಿ ಅದು ಕಮ್ಮಿ ಇರುವುದು ಮಾಮೂಲು.

ಡೆಂಗಿಗೂ ಇದಕ್ಕೂ ಸಂಬಂಧ ಇರಬಹುದಾ ಅಂದರೆ, ಇರಬಹುದು. ಹಾಸಿಗೆಯಲ್ಲಿ ಮಲಗಿದಾಗ ಊಟ ಸೇರುವುದಿಲ್ಲ, ಸ್ನಾಯು ಕರಗುತ್ತದೆ, ಆ ಸ್ನಾಯು ಹೊರುತ್ತಿದ್ದ ಪೆಟ್ಟು ಮೂಳೆಗೆ ಬೀಳುತ್ತದೆ. ದಮ್ಮು ಬೇಗ ವಾಪಸ್ ಬರುತ್ತದೆ, ಮೇಲೆ ಹೇಳಿದ್ದಾರಲ್ಲ ಅದು ನಿಜ. ಆದರೆ ಮೂಳೆ ನಿಧಾನ. ಉಸಿರು «ಓಡು» ಅನ್ನುವಾಗ ಮೂಳೆ ಇನ್ನೂ ತಯಾರಿರುವುದಿಲ್ಲ. ಕಾಯಿಲೆಯಿಂದ ಎದ್ದ ಓಟಗಾರರು ನನ್ನ ಹತ್ತಿರ ಬರುವುದು ಬಹಳ ಸಲ ಈ ಕಾರಣಕ್ಕೇ.

ಇನ್ನೊಂದು ಮಾತು, ದಯವಿಟ್ಟು ಕೇಳಿ. ನೋವಿನ ಮಾತ್ರೆ ನುಂಗಿ ಓಡಿ ನೋಡುತ್ತೇನೆ ಎಂಬ ಯೋಚನೆ ಬಂದರೆ ಬಿಟ್ಟುಬಿಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಜಾತಿಯ ಮಾತ್ರೆಗಳು ಗಂಟೆಗಟ್ಟಲೆ ಓಡುವವರ ಕಿಡ್ನಿಗೆ ಅಪಾಯ, ಡೆಂಗಿ ಜ್ವರ ಇರುವಾಗಂತೂ ರಕ್ತಸ್ರಾವದ ಭಯದಿಂದ ಅವನ್ನು ಕೊಡುವುದೇ ಇಲ್ಲ, ಪ್ಯಾರಾಸಿಟಮಾಲ್ ಮಾತ್ರ. ಪೌಲಾ ರಾಡ್‌ಕ್ಲಿಫ್ ವಿಷಯ ಗೊತ್ತಿರಬಹುದು. 2004ರ ಅಥೆನ್ಸ್ ಒಲಿಂಪಿಕ್ಸ್‌ಗೆ ಮ್ಯಾರಥಾನ್ ವಿಶ್ವದಾಖಲೆ ಇಟ್ಟುಕೊಂಡು ಬಂದವರು. ಓಟಕ್ಕೆ ಸ್ವಲ್ಪ ಮುಂಚೆ ಕಾಲಿಗೆ ಪೆಟ್ಟಾಗಿ ಉರಿಯೂತದ ಮಾತ್ರೆ ಜಾಸ್ತಿ ತೆಗೆದುಕೊಂಡರು. ಅದರಿಂದ ಹೊಟ್ಟೆ ಕೆಟ್ಟು ತಿಂದದ್ದು ಮೈಗೆ ಹತ್ತಲಿಲ್ಲ. ಸುಮಾರು 36 ಕಿಲೋಮೀಟರ್ ಹತ್ತಿರ ರಸ್ತೆ ಬದಿ ಕೂತು ಅತ್ತರು. ಅದೇ ವರ್ಷ ನವೆಂಬರ್‌ನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದರು, 2005ರಲ್ಲಿ ಹೆಲ್ಸಿಂಕಿಯಲ್ಲಿ ವಿಶ್ವ ಚಾಂಪಿಯನ್ ಆದರು.

ಜೋನ್ ಬೆನೋಯ್ಟ್ ಕಥೆ ನಿಜ. ಆಪರೇಷನ್ ಆದ ಮೇಲೆ ಟ್ರಯಲ್ಸ್ ಗೆದ್ದು, ಅದೇ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮಹಿಳೆಯರ ಮೊದಲ ಒಲಿಂಪಿಕ್ ಮ್ಯಾರಥಾನ್ ಚಿನ್ನವನ್ನೂ ಗೆದ್ದರು. ನನಗೂ ಅವರ ಮೇಲೆ ಅಪಾರ ಗೌರವ. ಆದರೆ ಅವರಿಗೆ ಆದದ್ದು ಮಂಡಿಯೊಳಗಿನ ತೊಂದರೆ, ಸಣ್ಣ ರಂಧ್ರದ ಆಪರೇಷನ್‌ನಲ್ಲಿ ತೊಂದರೆಯ ಮೂಲವನ್ನೇ ತೆಗೆದರು. ಮೂಳೆ ದಣಿದಾಗ ತೆಗೆಯುವುದಕ್ಕೆ ಏನೂ ಇರುವುದಿಲ್ಲ, ಮೂಳೆ ತಾನೇ ಕಟ್ಟಿಕೊಳ್ಳಬೇಕು, ಅದಕ್ಕೆ ಹೊತ್ತು ಬೇಕು. ಇಚ್ಛಾಶಕ್ತಿಯಿಂದ ಅದನ್ನು ಬೇಗ ಮಾಡಿಸಲು ಆಗದು. ನಿಮ್ಮ ಕಾಲು ಯಾವುದು, ಅವರ ಮಂಡಿ ಯಾವುದು ಅಂತ ನೋಡದೆ ಆ ಕಥೆ ಕಳಿಸಿದವರ ಮನಸ್ಸು ಒಳ್ಳೆಯದೇ, ನಿಮಗೆ ಮಾತ್ರ ಅದು ಭಾರ.

ಮನಸ್ಸಿನ ಪ್ರಶ್ನೆಗೆ ನನ್ನ ಉತ್ತರ: ಏನಾಗಿದೆ ಎಂದು ಸರಿಯಾಗಿ ಗೊತ್ತಾಗಲಿ. ಅರ್ಧ ಕಳವಳ ಗೊತ್ತಿಲ್ಲದಿರುವುದರಿಂದ ಬರುತ್ತದೆ. ಕೆಟ್ಟ ಸುದ್ದಿ ಬಂದರೂ ಜನ ನನ್ನ ಎದುರಿಗೆ ಹಗುರಾಗುವುದನ್ನು ನೋಡಿದ್ದೇನೆ.

ಕಾಫಿತೋಟ_ಮೂಡಿಗೆರೆ:

ನಾನೂ ಬರೆಯಲಾ? ನಾನು ಕಾಮ್ರೇಡ್ಸ್ ಓಡಿದವಳಲ್ಲ, ನಮ್ಮ ಕಡೆಯ ಮಲ್ನಾಡ್ ಅಲ್ಟ್ರಾಗೆ ತಯಾರಾಗಿದ್ದೆ. ನಮ್ಮದೇ ಕಾಫಿ ತೋಟಗಳ ನಡುವಿನ ದಾರಿ, ಮಳೆ ಬಿಟ್ಟ ಮೇಲಿನ ಆ ಹಸಿರು, ಅದಕ್ಕಿಂತ ಬೇರೆ ಓಟ ನನಗೆ ಬೇಕಿರಲಿಲ್ಲ. ಆ ವರ್ಷ ಚಿಕೂನ್‌ಗುನ್ಯಾ ಬಂತು. ಡೆಂಗಿ ಹರಡುವ ಸೊಳ್ಳೆಯೇ ಇದನ್ನೂ ಹರಡುವುದು. ಜ್ವರ ವಾರದಲ್ಲಿ ಹೋಯಿತು, ಗಂಟು ನೋವು ತಿಂಗಳುಗಟ್ಟಲೆ ಉಳಿಯಿತು. ಬೆಳಗ್ಗೆ ಎದ್ದರೆ ಕೈ ಬೆರಳು ಮಡಚಲು ಆಗುತ್ತಿರಲಿಲ್ಲ, ಒಲೆ ಮೇಲಿನ ಪಾತ್ರೆ ಇಳಿಸಲು ಅತ್ತೆಯನ್ನು ಕರೆಯಬೇಕಿತ್ತು. ಓಡುವ ಮಾತೆಲ್ಲಿ.

ನನಗೆ ತುಂಬಾ ಸಿಟ್ಟು ಬಂದದ್ದು ಪಾಸಿಟಿವ್ ಆಗಿರು ಅಂದವರ ಮೇಲೆ. ಹಾಗೆ ಅಂದಾಗ ಬೇಜಾರಾಗುವುದಕ್ಕೂ ನಮಗೆ ಅನುಮತಿ ಇಲ್ಲದ ಹಾಗೆ ಆಗುತ್ತದೆ. ಕಾಯಿಲೆಯೂ ನಮ್ಮದೇ, ನಗುಮುಖ ಇಟ್ಟುಕೊಳ್ಳುವ ಕೆಲಸವೂ ನಮ್ಮದೇ. ನಮ್ಮ ಅಮ್ಮ ಮಾತ್ರ ಹಾಗೆ ಹೇಳಲಿಲ್ಲ. ಬಂದು ಪಕ್ಕ ಕೂತು, ಎಣ್ಣೆ ಬಿಸಿ ಮಾಡಿ ಕೈ ತಿಕ್ಕಿ, «ಬೇಜಾರಾಗುತ್ತೆ ಕಣೇ, ಆಗದೆ ಇರುತ್ತಾ» ಅಂದರು. ಅವತ್ತು ಚೆನ್ನಾಗಿ ಅತ್ತೆ. ಅತ್ತ ಮೇಲೆ ಹೊಟ್ಟೆ ಹಸಿಯಿತು, ಎಷ್ಟೋ ದಿನದ ಮೇಲೆ.

ಸರ್, ನಿಮಗೆ ನನ್ನ ಕಡೆಯಿಂದ ಇಷ್ಟು. ಅಳು ಬಂದರೆ ಅಳಿ, ಮನೆಯವರ ಎದುರಿಗೇ ಅಳಿ, ಹೆಂಡತಿ ಮಕ್ಕಳಿಗೆ ನಿಮಗೆ ಏನಾಗುತ್ತಿದೆ ಅಂತ ಗೊತ್ತಾಗಬೇಕು. ಗಂಡಸರು ಇದನ್ನೆಲ್ಲ ನುಂಗಿಕೊಂಡು ಕೊನೆಗೆ ಸಣ್ಣ ವಿಷಯಕ್ಕೆ ಸಿಡುಕುತ್ತಾರೆ, ನಮ್ಮ ಮನೆಯಲ್ಲೂ ನೋಡಿದ್ದೇನೆ. ಆಮೇಲೆ, ಓಟದ ಜಗತ್ತಿನಿಂದ ಪೂರ್ತಿ ದೂರ ಹೋಗಬೇಡಿ. ನಾನು ಆ ವರ್ಷ ಓಡಲಿಲ್ಲ, ಆದರೆ ದಾರಿ ಬದಿ ನಿಂತು ಬರುವವರಿಗೆ ಕಿತ್ತಳೆ ಹಣ್ಣು ಬಿಡಿಸಿ ಕೊಟ್ಟೆ. ಮೊದಲ ಅರ್ಧ ಗಂಟೆ ಕಷ್ಟ ಆಯಿತು, ಸುಳ್ಳು ಹೇಳಲ್ಲ. ಆಮೇಲೆ ಒಬ್ಬರು ಕಾಲು ಹಿಡಿದುಕೊಂಡು ಬಂದರು, ಅವರಿಗೆ ಉಪ್ಪು ಹಾಕಿದ ಮಜ್ಜಿಗೆ ಕೊಟ್ಟು ಕೂರಿಸಿದೆ, ಆಗ ನನ್ನ ಕೈ ನೋವು ಮರೆತೇ ಹೋಯಿತು. ಮರುವರ್ಷ ಅದೇ ಜಾಗ ಓಡಿ ದಾಟಿದೆ. ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ಕೆಲವರಿಗೆ ನೋಡುವುದೇ ಹಿಂಸೆ, ಅಂಥವರು ಆ ದಿನ ಊರು ಬಿಟ್ಟು ಎಲ್ಲಾದರೂ ಹೋಗುವುದೇ ಒಳ್ಳೆಯದು.

ಕುಕ್ಕರಹಳ್ಳಿ_ಕೆರೆ:

ನಮ್ಮೂರಿನವರು ಅಂತ ಗೊತ್ತಾಗಿ ಬರೆಯುತ್ತಿದ್ದೇನೆ. ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಓಟಗಾರ ಅಲ್ಲ, ಈಜುವವನು. ಸರಸ್ವತಿಪುರಂನಲ್ಲಿರುವ ವಿಶ್ವವಿದ್ಯಾಲಯದ ಈಜುಕೊಳಕ್ಕೆ ಬರುತ್ತೇನೆ. ಡಾಕ್ಟರ್ ನೀರಿಗಿಳಿಯಬಹುದು ಎಂದರೆ ಹೇಳಿ ಅಣ್ಣಾ, ಬೆಳಗ್ಗೆ ಒಟ್ಟಿಗೆ ಹೋಗೋಣ. ನಾಲ್ಕೂವರೆಗೆ ಎಚ್ಚರ ಆಗುವವರು ಅಂದಿರಿ, ನಾನೂ ಅದೇ ಹೊತ್ತಿಗೆ ಏಳುವವನು. ಒಬ್ಬರೇ ಕೂತು ಯೋಚನೆ ಮಾಡುವುದಕ್ಕಿಂತ ವಾಸಿ ಅಲ್ವಾ?

ಇನ್ನೊಂದು ವಿಷಯ. ಡೆಂಗಿ ಅಂದ ತಕ್ಷಣ ಅವರಿವರು ಪಪ್ಪಾಯಿ ಎಲೆ ರಸ, ಅಮೃತಬಳ್ಳಿ ಕಷಾಯ ಅಂತ ತಂದು ಕೊಟ್ಟಿರುತ್ತಾರೆ. ಪ್ರೀತಿಯಿಂದ ಕೊಡುತ್ತಾರೆ, ಬೇಡ ಅನ್ನಲಾಗಲ್ಲ. ಈಗ ಅದರ ಬದಲು ಸರಿಯಾಗಿ ಊಟ ಮಾಡಿ. ರಾಗಿ ಮುದ್ದೆ, ಸೊಪ್ಪಿನ ಸಾರು, ಮೊಟ್ಟೆ, ಮೊಸರು. ಓಡುತ್ತಿಲ್ಲ ತೂಕ ಏರುತ್ತದೆ ಅಂತ ಊಟ ಕಮ್ಮಿ ಮಾಡುವವರನ್ನು ನೋಡಿದ್ದೇನೆ, ಮೂಳೆ ಕಟ್ಟಬೇಕಾದ ಹೊತ್ತಿಗೆ ಅದು ಬೇಡವೇ ಬೇಡ.

ಚಾಮುಂಡಿ_ತಪ್ಪಲು:

ಎಲ್ಲರಿಗೂ ತುಂಬಾ ಧನ್ಯವಾದ. ಮೇಡಂ, ನೀವು ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ಏನೂ ಮಾತಾಡಲಿಲ್ಲ, ಪಕ್ಕದಲ್ಲಿ ಬಂದು ಕೂತಳು.

ಎಂಆರ್‌ಐ ಆಯಿತು. ಮೂಳೆಯ ಒಳಗೆ ಬಾವು ಇದೆ, ಬಿರುಕಿನ ಗೆರೆ ಇಲ್ಲ. ಸ್ಟ್ರೆಸ್ ರಿಯಾಕ್ಷನ್ ಎಂದು ಬರೆದಿದ್ದಾರೆ. ವಿಟಮಿನ್ ಡಿ ಕಮ್ಮಿ ಇತ್ತು, ಅದಕ್ಕೂ ಔಷಧಿ ಕೊಟ್ಟಿದ್ದಾರೆ. ಕೆಲವು ವಾರ ಓಟ ಪೂರ್ತಿ ಬಂದ್, ನೋವಿಲ್ಲದಷ್ಟು ನಡೆಯಬಹುದು, ನೀರಿಗಿಳಿಯಬಹುದು ಎಂದರು. ಹೃದಯದ ಪರೀಕ್ಷೆಯೂ ಮಾಡಿದರು, ಇಸಿಜಿ ಸರಿ ಇದೆ.

ಈಗ ಒಂದೇ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದೆ. ಟಿಕೆಟ್ ಆಗಿದೆ, ವೀಸಾ ಆಗಿದೆ. ಹೋಗಿ ಪೂರ್ತಿ ನಡೆದರೆ ಆಗುವುದಿಲ್ಲವಾ? ಸಾಧ್ಯ ಆದಷ್ಟು ದೂರ ಹೋಗಿ ನಿಲ್ಲಿಸಿದರೆ? ನೇರವಾಗಿ ಹೇಳಿ, ಬೇಜಾರು ಮಾಡಿಕೊಳ್ಳಲ್ಲ.

ಡರ್ಬನ್_ದಾರಿ (ಬೆಂಗಳೂರು):

ನೇರವಾಗಿಯೇ ಹೇಳುತ್ತೇನೆ ಸರ್. 90 ಕಿಲೋಮೀಟರ್, 12 ಗಂಟೆ. ನಿಲ್ಲದೆ ಹೋದರೂ ಕಿಲೋಮೀಟರಿಗೆ 8 ನಿಮಿಷ. ಚುರುಕಾಗಿ ನಡೆಯುವವರೂ ಕಿಲೋಮೀಟರಿಗೆ 10 ನಿಮಿಷ ತೆಗೆದುಕೊಳ್ಳುತ್ತಾರೆ, ಅದೇ ವೇಗ ಕೊನೆವರೆಗೂ ಹಿಡಿದರೂ 15 ಗಂಟೆ. ನಡೆದು ಆಗುವುದಿಲ್ಲ. ನಡುವೆ ಕೆಲವು ಕಡೆ ಗಡುವು ಇರುತ್ತದೆ, ಅಲ್ಲೇ ನಿಲ್ಲಿಸಿ ವ್ಯಾನಿನಲ್ಲಿ ಕೂರಿಸುತ್ತಾರೆ.

ಸಾಧ್ಯ ಆದಷ್ಟು ಹೋಗಿ ನಿಲ್ಲಿಸುತ್ತೇನೆ ಅನ್ನುವುದು ಮನೆಯಲ್ಲಿ ಕೂತಾಗ ಸುಲಭ. ಅಲ್ಲಿ ನಿಂತರೆ ಆಗುವುದಿಲ್ಲ. ಬೆಳಗಿನ ಚಳಿಯಲ್ಲಿ ಪೀಟರ್‌ಮಾರಿಟ್ಸ್‌ಬರ್ಗ್‌ನ ಸಿಟಿ ಹಾಲ್ ಎದುರು ಸಾವಿರಾರು ಜನ ಒಟ್ಟಿಗೆ ಹಾಡುತ್ತಾರೆ, ಕೋಳಿ ಕೂಗಿನ ಸದ್ದು ಕೇಳಿಸುತ್ತಾರೆ, ಆಮೇಲೆ ಗುಂಡು. ದಾರಿಯುದ್ದಕ್ಕೂ ಜನ, ಒಲೆ ಹಚ್ಚಿ ಮಾಂಸ ಸುಡುತ್ತಾ, ನಿಮ್ಮ ಎದೆಯ ಮೇಲಿನ ಹೆಸರು ಓದಿ ಕೂಗುತ್ತಾ. ಒಂದೇ ವೇಗದಲ್ಲಿ ಗುಂಪಾಗಿ ಓಡುವವರನ್ನು ಅಲ್ಲಿ ಬಸ್ ಎನ್ನುತ್ತಾರೆ, ಮುಂದೆ ನಡೆಸುವವನು ಡ್ರೈವರ್. 12 ಗಂಟೆಯ ಬಸ್ ಹಾಡುತ್ತಾ ಬಂದರೆ ಅದರಿಂದ ಕೆಳಗಿಳಿಯಲು ಯಾರಿಗೂ ಮನಸ್ಸು ಬರಲ್ಲ. ನಿಮ್ಮಂಥವರು ನಿಲ್ಲಿಸುವುದಿಲ್ಲ, ಮೂಳೆ ಮುರಿಯುವವರೆಗೆ ಹೋಗುತ್ತೀರಿ. ಅದರ ಮೇಲೆ ಡೌನ್ ರನ್‌ನಲ್ಲಿ ಅರ್ಧ ದಾರಿ ಕಳೆದ ಮೇಲೆ ಬೋಥಾಸ್ ಹಿಲ್, ಫೀಲ್ಡ್ಸ್ ಹಿಲ್ ಇಳಿಜಾರು. ಫೀಲ್ಡ್ಸ್ ಹಿಲ್ ಇಳಿಯುವಾಗ ಆರೋಗ್ಯವಾಗಿದ್ದ ನನ್ನ ತೊಡೆಗಳೇ ಕೂಗಿಕೊಂಡವು.

ಮಾಮೂಲಾಗಿ ಒಂದು ವರ್ಷ ಡೌನ್, ಮುಂದಿನ ವರ್ಷ ಅಪ್. ಅಪ್ ರನ್ ಅಂದರೆ ಸಮುದ್ರದ ಮಟ್ಟದಿಂದ ಶುರುವಾಗಿ ಸುಮಾರು 800 ಮೀಟರ್ ಎತ್ತರದವರೆಗೆ ಹತ್ತುವುದು. ದಮ್ಮು ಜಾಸ್ತಿ ಬೇಕು, ಮೂಳೆಗೆ ಪೆಟ್ಟು ಕಮ್ಮಿ. ನಿಮ್ಮ ಬೆಟ್ಟ ಅದಕ್ಕೆ ಹೇಳಿ ಮಾಡಿಸಿದ್ದು. ನಾನಾಗಿದ್ದರೆ ಅದಕ್ಕೇ ಕಣ್ಣಿಡುತ್ತಿದ್ದೆ.

ಫಿಸಿಯೋ_ಹುಬ್ಬಳ್ಳಿ:

ಬಿರುಕು ಇಲ್ಲದಿರುವುದು ನಿಜವಾಗಿಯೂ ಒಳ್ಳೆಯ ಸುದ್ದಿ. ಈಗ ನಿಂತರೆ ವಾರಗಳ ಲೆಕ್ಕ, ಓಡಿ ಬಿರುಕು ಬಿಟ್ಟರೆ ತಿಂಗಳುಗಳ ಲೆಕ್ಕ. ಜೂನ್ ಓಟ ಬೇಡ ಸರ್. ನನ್ನ ಅಣ್ಣನಿಗಾದರೂ ಇದನ್ನೇ ಹೇಳುತ್ತಿದ್ದೆ.

ಚಾಮುಂಡಿ_ತಪ್ಪಲು:

ಓಡಲ್ಲ ಅಂತ ಇವತ್ತು ಗುಂಪಿನಲ್ಲಿ ಹೇಳಿದೆ. ಟೈಪ್ ಮಾಡಿ ಅಳಿಸಿ, ಮತ್ತೆ ಟೈಪ್ ಮಾಡಿ, ಕೊನೆಗೆ ಕಳಿಸಿದೆ. ತುಂಬಾ ನೋವಾಯಿತು. ಆದರೆ ರಾತ್ರಿ ನಿದ್ದೆ ಬಂತು, ಬಹಳ ದಿನದ ಮೇಲೆ. ಟಿಕೆಟ್ ವಿಷಯ ಇನ್ನೂ ತೀರ್ಮಾನ ಮಾಡಿಲ್ಲ. ಗುಂಪಿನವರು ಬಾ, ಡ್ರಮಂಡ್ ಹತ್ತಿರ ಅರ್ಧ ದಾರಿಯಲ್ಲಿ ನಿಂತು ನಮಗೆ ನೀರು ಕೊಡು ಅನ್ನುತ್ತಿದ್ದಾರೆ. ನೋಡಿ ಸಹಿಸುವ ಜಾತಿಯವನಾ, ಊರು ಬಿಟ್ಟು ಹೋಗುವ ಜಾತಿಯವನಾ, ಇನ್ನೂ ಗೊತ್ತಾಗುತ್ತಿಲ್ಲ ಮೇಡಂ.

ಕುಕ್ಕರಹಳ್ಳಿಯವರೇ, ಸೋಮವಾರದಿಂದ ಈಜುಕೊಳಕ್ಕೆ ಬರುತ್ತೇನೆ. ಫಿಸಿಯೋ ಸರ್, ನೀರಿನಲ್ಲಿ ಓಡುವುದು ಹೇಗೆ, ಎಷ್ಟು ಹೊತ್ತು, ಸ್ವಲ್ಪ ಹೇಳುತ್ತೀರಾ?

ಫಿಸಿಯೋ_ಹುಬ್ಬಳ್ಳಿ:

ಆಳ ಇರುವ ಕಡೆ, ಕಾಲು ನೆಲಕ್ಕೆ ತಾಗಬಾರದು. ಸೊಂಟಕ್ಕೆ ತೇಲುವ ಬೆಲ್ಟ್ ಕಟ್ಟಿಕೊಳ್ಳಿ. ಮೈ ನೇರ, ಸ್ವಲ್ಪವೇ ಮುಂದೆ ಬಾಗಿರಲಿ, ಸೈಕಲ್ ತುಳಿದ ಹಾಗೆ ಬೇಡ, ರಸ್ತೆಯಲ್ಲಿ ಓಡಿದ ಹಾಗೆಯೇ ಮಂಡಿ ಎತ್ತಿ ಕಾಲು ಹಿಂದಕ್ಕೆ ತಳ್ಳಿ. ಡೆಂಗಿ ಆಗಿ ಹೆಚ್ಚು ದಿನ ಆಗಿಲ್ಲ, ಹಾಗಾಗಿ ಮೊದಲ ವಾರ 20 ನಿಮಿಷ ಸಾಕು, ಮಾತಾಡುತ್ತಾ ಓಡುವಷ್ಟು ನಿಧಾನ. ಮಾರನೇ ದಿನ ಬೆಳಗಿನ ನಾಡಿ ಮಾಮೂಲಿಗಿಂತ ಜಾಸ್ತಿ ಇದ್ದರೆ ಅವತ್ತು ಬಿಡುವು. ಸರಿ ಹೋದರೆ ಎರಡನೇ ವಾರ 30 ನಿಮಿಷ, ಆಮೇಲೆ ಒಂದು ನಿಮಿಷ ಜೋರು, ಒಂದು ನಿಮಿಷ ನಿಧಾನ ಅಂತ ಶುರು ಮಾಡಬಹುದು. ನೀರಿನಲ್ಲಿ ನಾಡಿ ಬಡಿತ ರಸ್ತೆಯಲ್ಲಿ ಓಡುವಾಗಿನಷ್ಟು ಏರುವುದಿಲ್ಲ, ಅದಕ್ಕೆ ಗಡಿಯಾರ ನೋಡಿ ಇನ್ನೂ ಜೋರಾಗಿ ಹೋಗಬೇಡಿ. ಶಿನ್ ಎಲ್ಲಾದರೂ ಚುಚ್ಚಿದರೆ ತಕ್ಷಣ ಮೇಲೆ ಬನ್ನಿ.

ರಸ್ತೆಗೆ ವಾಪಸ್ ಬರುವುದು ಯಾವಾಗ ಅಂತ ಡಾಕ್ಟರ್ ಹೇಳುತ್ತಾರೆ. ಅದಕ್ಕೆ ಮೊದಲು ಬೆರಳಲ್ಲಿ ಒತ್ತಿದರೆ ನೋವಿರಬಾರದು, ಅರ್ಧ ಗಂಟೆ ಬಿರುಸಾಗಿ ನಡೆದರೂ ನೋವಿರಬಾರದು, ಆ ಕಾಲಿನ ಮೇಲೆ ಕುಂಟೋಬಿಲ್ಲೆ ಆಡಿದ ಹಾಗೆ ಹಾರಿದರೂ ನೋವಿರಬಾರದು. ಅಲ್ಲಿಗೆ ಬಂದಾಗ ಇಲ್ಲೇ ಬರೆಯಿರಿ, ನಡಿಗೆ ಓಟ ಸೇರಿಸಿ ಹೇಗೆ ಶುರು ಮಾಡುವುದು ಅಂತ ವಾರವಾರದ ಲೆಕ್ಕ ಹಾಕಿ ಕೊಡುತ್ತೇನೆ. ಮುಂದಿನ ವರ್ಷದ ಅರ್ಹತೆಗೆ ಯಾವ ತಿಂಗಳಿಂದ ಓಡಿದ ಮ್ಯಾರಥಾನ್ ಲೆಕ್ಕಕ್ಕೆ ಬರುತ್ತದೆ ಅಂತ ಅಷ್ಟರಲ್ಲಿ ಕಾಮ್ರೇಡ್ಸ್‌ನವರ ವೆಬ್‌ಸೈಟ್‌ನಲ್ಲಿ ನೋಡಿಟ್ಟುಕೊಳ್ಳಿ, ಅದನ್ನು ನೋಡಿಯೇ ಮುಂಬೈ ಓಡಬೇಕಾ ಬೇಡವಾ ಅಂತ ತೀರ್ಮಾನ ಮಾಡೋಣ.